ಕೆಲ್ಸ ಬಿಡೋಳು ಯಾವಾಗ್ಲೂ ಹುಡುಗೀನೇ ಯಾಕ್ರವ್ವ?

ಪ್ರೀತಿ, ನಗು ಎರಡೂ ಇರೋ ಸಿನಿಮಾ ಅಂದ್ರೆ ನಂಗೂ ಇಷ್ಟಾನೇ. ಇದನ್ನ ಮೊದ್ಲೇ ಹೇಳ್ಬುಡ್ತೀನಿ, ಆಮೇಲೆ ಅತ್ತಿಗೆಯೋರು 'ಇವ್ಳಿಗೆ ನಗೋಕೇ ಬರಲ್ಲ' ಅನ್ಬಾರ್ದು. ನನ್ನ ಜಗಳ ಇರೋದು ಕೊನೇ ಹತ್ತು ನಿಮಿಷದ ಮೇಲೆ. ಪ್ರೀತಿಗೂ ಕೆಲ್ಸಕ್ಕೂ ತಿಕ್ಕಾಟ ಬಂತು ಅಂದ್ರೆ ಒಂದೋ ಹುಡುಗಿ ಕೆಲ್ಸ ಬಿಡ್ತಾಳೆ, ಇಲ್ಲಾ ಅವ್ಳ ಕೆಲ್ಸದ ಮಾತೇ ಮರ್ತೋಗುತ್ತೆ.

1990ರ 'ಗಣೇಶನ ಮದುವೆ' ನಾವೆಲ್ಲ ಟಿವೀಲಿ ಎಷ್ಟು ಸಲ ನೋಡಿಲ್ಲ? ವಠಾರದಲ್ಲಿ ಅನಂತನಾಗ್ ಜೊತೆ ಕಿತ್ತಾಡೋ ಆದಿಲಕ್ಷ್ಮೀನೇ ಹಾಡುವಾಗ ಶ್ರುತಿ. ಅವನು ಮನಸೋತಿದ್ದು ಆ ದನಿಗೆ. ಸರಿ, ತಾಳಿ ಬಿದ್ಮೇಲೆ ಶ್ರುತಿ ಹಾಡಿದ್ಲಾ? ಯಾರೂ ಕೇಳಲ್ಲ. ಮದುವೆ ಆಯ್ತು, ಕಥೆ ಮುಗೀತು.

ಹೊರದೇಶದೋರೇನು ಮೇಲಲ್ಲ ಬುಡಿ. 1939ರ 'ನಿನೋಚ್ಕಾ'ದಲ್ಲಿ ಗ್ರೇಟಾ ಗಾರ್ಬೋ ರಷ್ಯಾ ಸರ್ಕಾರದ ಕೆಲ್ಸದ ಮೇಲೆ ಪ್ಯಾರಿಸ್ಸಿಗೆ ಬರೋ ಗಟ್ಟಿ ಹೆಂಗಸು. ಕೊನೆಗೆ ಕೆಲ್ಸ, ದೇಶ ಎರಡೂ ಬಿಟ್ಟು ಪ್ರೀತಿ ಹಿಡ್ಕೊಂತಾಳೆ. ಆ ಗಂಡಿಗೋ, ಬಿಡೋಕೆ ಒಂದು ಕೆಲ್ಸಾನೇ ಇರ್ಲಿಲ್ಲ! 1953ರ 'ರೋಮನ್ ಹಾಲಿಡೇ' ಒಸಿ ನ್ಯಾಯವಾಗೈತೆ. ರಾಜಕುಮಾರಿ ತನ್ನ ಕರ್ತವ್ಯಕ್ಕೆ ವಾಪಸ್ ಹೋಗ್ತಾಳೆ, ಪತ್ರಕರ್ತ ಅವ್ಳ ಮರ್ಯಾದೆಗೋಸ್ಕರ ದುಡ್ಡು ತರೋ ಸುದ್ದೀನೇ ಬಿಡ್ತಾನೆ. ಇಬ್ರೂ ಒಂದೊಂದು ಬಿಟ್ರು. ಆದ್ರೆ ಅಲ್ಲೂ ನೋಡಿ, ಕೆಲ್ಸ ಉಳಿಸ್ಕೊಂಡೋಳಿಗೆ ಗಂಡ ಸಿಕ್ಲಿಲ್ಲ.

'ಸಿನಿಮಾ ಅಂದ್ರೆ ಸಿನಿಮಾ, ಅಷ್ಟ್ಯಾಕೆ ತಲೆ ಕೆಡಿಸ್ಕೊಂತೀಯ?' ಅಂತೀರ. ಸಿನಿಮಾ ಅಲ್ಲ ಕಣ್ರೇ, ಇದು ಸರ್ಕಾರದ ಕಾನೂನೇ ಆಗಿತ್ತು. ಅರಕಲಗೂಡು ದಾಟಿದ್ರೆ ಕೊಡಗು. ಅಲ್ಲಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಆ ಸೇವೆಯ ಹೆಣ್ಣುಮಕ್ಕಳು ಮದುವೆಗೆ ಮುಂಚೆ ಸರ್ಕಾರದಿಂದ ಬರವಣಿಗೆಯಲ್ಲಿ ಅಪ್ಪಣೆ ಪಡೀಬೇಕಿತ್ತು. ಮದುವೆ ಆದ್ಮೇಲೆ ಸಂಸಾರದಿಂದ ಕೆಲ್ಸಕ್ಕೆ ಅಡ್ಡಿ ಅಂತ ಸರ್ಕಾರಕ್ಕೆ ಅನ್ನಿಸಿದ್ರೆ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಇದ್ಯಾವುದೂ ಇಲ್ಲ. ಆಯಮ್ಮ ಮದುವೇನೇ ಆಗ್ಲಿಲ್ಲ. ರಾಯಭಾರಿ ಆದ್ರು. ಬಡ್ತಿಯಲ್ಲಿ ಅನ್ಯಾಯ ಆದಾಗ ಸುಪ್ರೀಂ ಕೋರ್ಟಿಗೇ ಹೋದ್ರು. ಕೇಸು ನಡೀತಿರೋವಾಗ್ಲೇ ಬಡ್ತಿ ಬಂತು, ಆ ನಿಯಮಗಳನ್ನ ತೆಗೀತೀವಿ ಅಂತ ಸರ್ಕಾರಾನೂ ಒಪ್ಕೊಂತು. 1979ರ ತೀರ್ಪಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೇಳಿದ್ದು ನಮ್ಮ ಅಡುಗೆಮನೆ ಪ್ರಶ್ನೇನೇ: ಸಂಸಾರದ ತಾಪತ್ರಯ ಹೆಂಗಸಿನ ಕೆಲ್ಸಕ್ಕೆ ಅಡ್ಡಿ ಆದ್ರೆ, ಗಂಡಸಿನ ಕೆಲ್ಸಕ್ಕೂ ಆಗ್ಬೇಕಲ್ವಾ?

ಕೋರ್ಟಿಗೆ ಅರ್ಥ ಆಗಿದ್ದು ನಮ್ಮ ಹಜಾರಕ್ಕೆ ಇನ್ನೂ ಆಗಿಲ್ಲ. ನಮ್ಮ ಚಿಕ್ಕವ್ವನ ಮಗ್ಳು ಆಸ್ಪತ್ರೇಲಿ ನರ್ಸು. ಚನ್ನರಾಯಪಟ್ಟಣದ ಕಡೆಯಿಂದ ಸಂಬಂಧ ಬಂತು. ಹುಡುಗ ಹುಡುಗಿ ಇಬ್ರೂ ಒಪ್ಪಿದ್ರು. ಗಂಡಿನ ಕಡೆ ಅಜ್ಜಿ ಕೇಳಿದ್ರು, 'ನೈಟ್ ಡ್ಯೂಟಿ ಮಾಡ್ತಾಳಾ? ಮದುವೆ ಆದ್ಮೇಲೆ ಬಿಡ್ಲಿ'. ಹುಡುಗ ಬೆಂಗಳೂರಿನ ಕಂಪ್ನೀಲಿ ರಾತ್ರಿ ಶಿಫ್ಟೇ ಮಾಡೋದು, ಅದನ್ನ ಯಾರೂ ಎತ್ತಲಿಲ್ಲ. ಹೋದ್ವರ್ಷ ಅದೇ ಅಜ್ಜಿ ಸೊಂಟ ಮುರ್ಕೊಂಡು ವಾರ್ಡಲ್ಲಿ ಮಲಗಿದ್ದಾಗ ರಾತ್ರಿ ಎರಡು ಗಂಟೇಲಿ ಬಂದು ಡ್ರಿಪ್ ಬದಲಾಯಿಸಿದ್ದು ಯಾರ ಮನೆ ಮಗಳು? ಆಗ ಬೇಕಾಗಿದ್ದ ನೈಟ್ ಡ್ಯೂಟಿ ಈಗ ಸೊಸೆಗೆ ಯಾಕೆ ಬೇಡ?

'ಹಂಗಾದ್ರೆ ಮನೆ ಯಾರು ನೋಡೋರು?' ಅಂತ ಮುಂದಿನ ಮಾತು. ಬೆಳಿಗ್ಗೆ ಹೊಳೆನರಸೀಪುರದ್ದೋ ಅರಕಲಗೂಡಿಂದೋ ಬಸ್ ಸ್ಟ್ಯಾಂಡಲ್ಲಿ ಹೋಗಿ ನಿಂತ್ಕೊಳ್ಳಿ. ಡಬ್ಬಿ ಹಿಡ್ಕೊಂಡು ಹಾಸನದ ಬಸ್ಸು ಹತ್ತೋ ಹೆಣ್ಣುಮಕ್ಕಳು ಎಷ್ಟು ಜನ! 2023ರ ಜೂನ್ 11ರಿಂದ ಸರ್ಕಾರಿ ಬಸ್ಸಲ್ಲಿ ಟಿಕೇಟಿಗೂ ದುಡ್ಡಿಲ್ಲ. ಅವ್ರ ಮನೇಲೇನು ಒಲೆ ಹತ್ತಿಲ್ವಾ? ಐದು ಗಂಟೆಗೇ ಎದ್ದು ಎಲ್ಲಾ ಮಾಡಿಟ್ಟೇ ಬಂದಿರ್ತಾರೆ. ಮನೆ ಕೆಡೋದು ಅವ್ರು ಕೆಲ್ಸಕ್ಕೆ ಹೋಗೋದ್ರಿಂದ ಅಲ್ಲ. ಉಳಿದೋರು ಒಂದು ಲೋಟಾನೂ ತೊಳೀದೆ ಕೂತ್ಕೊಳ್ಳೋದ್ರಿಂದ.

ಯಾರೂ ಕೆಲ್ಸ ಬಿಡ್ಲೇಬಾರ್ದು ಅಂತ ನಾನು ಹೇಳ್ತಿಲ್ಲ. ಬಿಡ್ಬೇಕು ಅನ್ನಿಸಿದೋಳು ಬಿಡ್ಲಿ, ಅದು ಅವ್ಳಿಷ್ಟ. ಬಿಡು ಅನ್ನೋದನ್ನ ಪ್ರೀತಿಗೆ ಇಟ್ಟ ಪರೀಕ್ಷೆ ಮಾಡ್ಬೇಡಿ ಅಷ್ಟೇ. ಹಂಗೆ ಪರೀಕ್ಷೆ ಇಡೋದೇ ಆದ್ರೆ ಇಬ್ಬರಿಗೂ ಇಡಿ.

ಅದಕ್ಕೇ ಅಕ್ಕಂದಿರಾ, ಮುಂದಿನ ಸಲ ನಿಮ್ಮನೆಗೆ ಹೆಣ್ಣು ನೋಡೋಕೆ ಬಂದಾಗ ಸುಮ್ನೆ ಕಾಫಿ ಕೊಟ್ಟು ಒಳಗೆ ಹೋಗ್ಬೇಡಿ. ಹುಡುಗನ್ನೇ ಕೇಳಿ: 'ನಿಂಗೆ ಅನ್ನ ಸಾರು ಮಾಡೋಕೆ ಬರ್ತದೇನಪ್ಪ? ಇವ್ಳು ರಾತ್ರಿ ಡ್ಯೂಟೀಲಿದ್ದಾಗ ಮಗೂಗೆ ಊಟ ಮಾಡ್ಸಿ ಮಲಗ್ಸೋರು ಯಾರು?' ನೆಟ್ಟಗೆ ಉತ್ತರ ಕೊಟ್ರೆ ತಾಂಬೂಲದ ತಟ್ಟೆ ತನ್ನಿ. ಇಲ್ದಿದ್ರೆ ಉಪ್ಪಿಟ್ಟು ಕೇಸರಿಬಾತು ತಿಂದು ಹೋಗ್ಲಿ ಬುಡಿ, ಹಸ್ಕೊಂಡು ಕಳಿಸೋದು ಬೇಡ.