ಅನ್ನ ಕಲಸುವುದನ್ನು ಕಲಿಸುವವರ ಸಂಬಳ

ಎರಡನೇ ಪಿಯುಸಿ ಫಲಿತಾಂಶ ಬರುವ ದಿನಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಗಾದೆ, ಒಗಟು, ಹಳೆಯ ನಾಣ್ಯಗಳ ವಿಚಾರ ಕೇಳುತ್ತಿದ್ದವರು ಕೋರ್ಸು, ಫೀಸು, ಸಾಲ ಎಂದು ಕೇಳತೊಡಗುತ್ತಾರೆ. ಈ ಸಲ ಒಬ್ಬ ಅಜ್ಜಿ ಬರೆದಿದ್ದಾರೆ: “ಮೊಮ್ಮಗಳು ಆಕ್ಯುಪೇಷನಲ್ ಥೆರಪಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಅದೇನು ಅಂತ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ. ಸಂಬಳ ಎಷ್ಟು ಬರುತ್ತೆ ಅಂತ ನೀವಾದರೂ ಹೇಳಿ.”

ಸಂಬಳ ಎಷ್ಟು ಎಂದು ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾನು ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಕಳೆದವನು. ಹಣದ ಲೆಕ್ಕ ಮೊದಲೇ ಹಾಕದವರು ಆಮೇಲೆ ಪಡುವ ಪಾಡನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಕೆಲಸ ಏನೆಂದು ತಿಳಿಯದೆ ಸಂಬಳ ಕೇಳಿದರೆ ಅರ್ಧ ಉತ್ತರವೇ ಸಿಗುತ್ತದೆ. ಆದ್ದರಿಂದ ಮೊದಲು ಕೆಲಸ, ಆಮೇಲೆ ಸಂಬಳ.

ಹೆಸರು ಕೇಳಿದವರು ಇದು ಉದ್ಯೋಗ ಕೊಡಿಸುವ ಚಿಕಿತ್ಸೆ ಇರಬೇಕು ಎಂದುಕೊಳ್ಳುತ್ತಾರೆ. ಹಾಗಲ್ಲ. ಇಲ್ಲಿ ಆಕ್ಯುಪೇಷನ್ ಎಂದರೆ ಮನುಷ್ಯ ದಿನವಿಡೀ ಮಾಡುವ ಎಲ್ಲ ಕೆಲಸ. ಹಲ್ಲುಜ್ಜುವುದು, ಸ್ನಾನ, ಊಟ, ಅಡುಗೆ, ಬರವಣಿಗೆ ಎಲ್ಲವೂ ಅದರಲ್ಲಿ ಸೇರುತ್ತವೆ. ಚಿಕ್ಕ ಮಗುವಿಗೆ ಆಟವೇ ಆಕ್ಯುಪೇಷನ್. ಕಾಯಿಲೆ, ಅಪಘಾತ ಅಥವಾ ಹುಟ್ಟಿನಿಂದ ಬಂದ ತೊಂದರೆಯಿಂದ ಇವುಗಳಲ್ಲಿ ಯಾವುದಾದರೂ ಕಷ್ಟವಾದರೆ, ಅದನ್ನು ಮತ್ತೆ ಮಾಡುವ ದಾರಿ ಹುಡುಕಿಕೊಡುವವರೇ ಆಕ್ಯುಪೇಷನಲ್ ಥೆರಪಿಸ್ಟ್.

ಹಾಗಾದರೆ ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ? ನಮ್ಮ ಭಾವನವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಫಿಸಿಯೋಥೆರಪಿಯಿಂದ ನಡೆಯುವಂತಾದರು, ಕೈಯೂ ಸ್ವಲ್ಪ ಮೇಲೇಳತೊಡಗಿತು. ಆದರೂ ಮದುವೆ, ಮುಂಜಿ ಯಾವುದಕ್ಕೂ ಬರುತ್ತಿರಲಿಲ್ಲ. ಯಾಕೆಂದರೆ ಅನ್ನ ಕಲಸಿ ಬಾಯಿಗಿಡಲು ಆಗುತ್ತಿರಲಿಲ್ಲ. ಪಂಚೆ ಉಡಲು ಅಕ್ಕನೇ ಬೇಕಿತ್ತು. ನಾಲ್ಕು ಜನರ ಎದುರು ಅನ್ನ ಚೆಲ್ಲಿಕೊಂಡರೆ ಎಂಬ ಸಂಕೋಚ.

ಆಮೇಲೆ ಮನೆಗೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಹುಡುಗಿ ಬರತೊಡಗಿದಳು. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿದಳು. ಅಂಚು ಎತ್ತರವಿರುವ ತಟ್ಟೆ ತರಿಸಿದಳು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದಳು. ಅಂಗಿಯ ಗುಂಡಿಯ ಜಾಗಕ್ಕೆ ವೆಲ್ಕ್ರೋ ಹೊಲಿಸಿದಳು. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದಳು. ಇವೆಲ್ಲದರ ಜೊತೆಗೆ ದಿನಾ ಆ ಬಲಗೈಗೇ ಸಣ್ಣ ಸಣ್ಣ ಕೆಲಸ ಕೊಟ್ಟು ಮಾಡಿಸುತ್ತಿದ್ದಳು. ಭಾವನವರು ಮಾತ್ರ ಗೊಣಗುತ್ತಿದ್ದರು: “ಅನ್ನ ಕಲಸೋದು ಕಲಿಸೋಕೆ ದುಡ್ಡು ಬೇರೆ ಕೊಡಬೇಕಾ?” ಕೆಲವು ತಿಂಗಳಾದ ಮೇಲೆ ಅವರು ಮೊಮ್ಮಗನ ನಾಮಕರಣದ ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಊಟ ಮಾಡಿದರು. ಯಾರೂ ಅವರತ್ತ ತಿರುಗಿ ನೋಡಲಿಲ್ಲ.

ಮಕ್ಕಳೇ, ಈ ಕೆಲಸ ಸುಲಭ ಅನ್ನಿಸಿತೇ? ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಶಾಲೆಯ ಅಂಗಿಯ ಗುಂಡಿಗಳನ್ನೆಲ್ಲ ಹಾಕಿ ನೋಡಿ. ಆಮೇಲೆ ಅದನ್ನೇ ಇನ್ನೊಬ್ಬರಿಗೆ ಕಲಿಸಬೇಕಾದರೆ ಎಲ್ಲಿಂದ ಶುರುಮಾಡುತ್ತೀರಿ, ಯೋಚಿಸಿ. ಪೆನ್ಸಿಲ್ ಹಿಡಿಯಲಾಗದ, ಜೋರು ಸದ್ದು ತಡೆಯಲಾಗದ, ತರಗತಿಯಲ್ಲಿ ಕೂರಲು ಕಷ್ಟಪಡುವ ಮಕ್ಕಳಿಗೂ ಇದೇ ವೃತ್ತಿಯವರು ನೆರವಾಗುತ್ತಾರೆ.

ಈಗ ಸ್ವಲ್ಪ ಹಿನ್ನೆಲೆ. ನಮ್ಮ ದೇಶದಲ್ಲಿ ಇದರ ಶಿಕ್ಷಣ ಶುರುವಾದದ್ದು 1950ರಲ್ಲಿ, ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲಿಗೆ ಬಂದ ಕಮಲಾ ನಿಂಬಕರ್ ಅದನ್ನು ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಹತ್ತು ದೇಶಗಳು ಸೇರಿ ಕಟ್ಟಿದ ವಿಶ್ವ ಒಕ್ಕೂಟದಲ್ಲಿ ಭಾರತವೂ ಒಂದು. 2021ರಲ್ಲಿ ಸಂಸತ್ತು ಸಹಾಯಕ ಆರೋಗ್ಯ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲೂ ಈ ವೃತ್ತಿ ಇದೆ. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಕೋರ್ಸಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಸೇರಬಹುದು. ನಾಲ್ಕು ವರ್ಷದ ಓದು, ಆಮೇಲೆ ಇಂಟರ್ನ್‌ಶಿಪ್. ನಮ್ಮ ಮಣಿಪಾಲದಲ್ಲಿದೆ, ಪಕ್ಕದ ರಾಜ್ಯದ ವೆಲ್ಲೂರಿನಲ್ಲಿದೆ. ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ್ದನ್ನೇ ನೋಡಿಕೊಳ್ಳಿ.

ಇನ್ನು ಸಂಬಳ. ಕೇಂದ್ರ ಸರ್ಕಾರದ ಕೆಲಸವಾದರೆ ಲೆಕ್ಕ ಸುಲಭ. 2024ರಲ್ಲಿ ರೈಲ್ವೆ ಇಲಾಖೆ ಪ್ಯಾರಾಮೆಡಿಕಲ್ ಹುದ್ದೆಗಳಿಗೆ ಅರ್ಜಿ ಕರೆದಾಗ ಈ ಹುದ್ದೆಯ ಆರಂಭದ ಮೂಲ ವೇತನ 35,400 ರೂಪಾಯಿ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಇದು ಆರನೇ ಹಂತ. ವರ್ಷಕ್ಕೊಂದು ಇಂಕ್ರಿಮೆಂಟಿನಂತೆ ಹತ್ತು ಇಂಕ್ರಿಮೆಂಟ್ ಆದಾಗ ಮೂಲ ವೇತನ 47,600 ಆಗುತ್ತದೆ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಒಳ್ಳೆಯ ಸಂಬಳವೇ. ಆದರೆ ಇಡೀ ದೇಶಕ್ಕೆ ಇಂಥ ಹುದ್ದೆಗಳು ಬೆರಳೆಣಿಕೆಯಷ್ಟು. ಅದನ್ನೇ ನಂಬಿ ಕೂರುವಂತಿಲ್ಲ.

ಹೆಚ್ಚಿನವರು ಕೆಲಸಕ್ಕೆ ಸೇರುವುದು ಖಾಸಗಿ ಆಸ್ಪತ್ರೆ, ಮಕ್ಕಳ ಥೆರಪಿ ಕೇಂದ್ರ, ವಿಶೇಷ ಶಾಲೆಗಳಿಗೆ. ಅಲ್ಲಿ ಹೊಸಬರಿಗೆ ಸಿಗುವುದು ಇದಕ್ಕಿಂತ ಸಾಕಷ್ಟು ಕಡಿಮೆ. ಕಾರಣ ನಮ್ಮ ಭಾವನವರ ಗೊಣಗಾಟದಲ್ಲೇ ಇದೆ. ಆಪರೇಷನ್ ಆದರೆ ಹೊಲಿಗೆ ಕಾಣುತ್ತದೆ, ಔಷಧಿಯಾದರೆ ಬಾಟಲಿ ಕಾಣುತ್ತದೆ. ಅನ್ನ ಕಲಸುವ ಕೈಯನ್ನು ಯಾರೂ ಗಮನಿಸುವುದಿಲ್ಲ. ಕಾಣದ ಕೆಲಸಕ್ಕೆ ದುಡ್ಡು ಬಿಚ್ಚಲು ನಮಗೆ ಮನಸ್ಸು ಬರುವುದಿಲ್ಲ. ಐದಾರು ವರ್ಷ ದುಡಿದು, ಮಕ್ಕಳ ಚಿಕಿತ್ಸೆಯಲ್ಲೋ ಕೈಯ ಚಿಕಿತ್ಸೆಯಲ್ಲೋ ಪಳಗಿ, ಸ್ವಂತ ಕೇಂದ್ರ ತೆರೆದವರ ಆದಾಯ ಬೇರೆ. ಆದರೆ ಅಲ್ಲಿಗೆ ಮುಟ್ಟುವವರೆಗೆ ತಾಳ್ಮೆ ಬೇಕು.

ವಿದೇಶದ ಮಾತೂ ಬರುತ್ತದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಈ ವೃತ್ತಿಯ ನಡುವಿನ ವಾರ್ಷಿಕ ಸಂಬಳ 96,370 ಡಾಲರ್. ನಡುವಿನದು ಎಂದರೆ ಅರ್ಧ ಜನರಿಗೆ ಅದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ. ಹೊಸದಾಗಿ ಸೇರಿದವರಿಗೆ ಅಷ್ಟು ಸಿಗುತ್ತದೆ ಎಂದು ಅರ್ಥವಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2024-25ರ ಆರಂಭದ ಸಂಬಳ ವರ್ಷಕ್ಕೆ 29,970 ಪೌಂಡ್. ಇದನ್ನೆಲ್ಲ ರೂಪಾಯಿಗೆ ಗುಣಿಸಿ ಹಿಗ್ಗುವ ಮೊದಲು ಅಲ್ಲಿಯ ಬಾಡಿಗೆ, ತೆರಿಗೆ ಕಳೆಯಬೇಕು. ಅಮೆರಿಕದಲ್ಲಿ 2007ರಿಂದ ಈ ವೃತ್ತಿಗೆ ಕಾಲಿಡಲು ಸ್ನಾತಕೋತ್ತರ ಮಟ್ಟದ ಓದು ಬೇಕು, ಮೇಲೆ ಅವರದೇ ಪರೀಕ್ಷೆ. ಬ್ರಿಟನ್ನಿನಲ್ಲೂ ಮೊದಲು ಅಲ್ಲಿಯ ನೋಂದಣಿ ಆಗಬೇಕು.

ಈಗ ನನಗೆ ಚೆನ್ನಾಗಿ ಗೊತ್ತಿರುವ ವಿಷಯ, ಸಾಲ. ಓದಿಗೆ ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ, ಬಡ್ಡಿ ಶೇ. 10, ತೀರಿಸಲು ಹತ್ತು ವರ್ಷ ಎಂದು ಇಟ್ಟುಕೊಳ್ಳೋಣ. ಓದು, ಇಂಟರ್ನ್‌ಶಿಪ್ ಮತ್ತು ಆಮೇಲಿನ ಒಂದು ವರ್ಷ, ಒಟ್ಟು ಐದೂವರೆ ವರ್ಷ ಎಂದುಕೊಂಡರೆ, ಅಲ್ಲಿಯವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ. ಅಷ್ಟು ದಿನದಲ್ಲಿ ಸರಳ ಬಡ್ಡಿಯೇ 2.4 ಲಕ್ಷ ಆಗಿ, ಸಾಲ 8.4 ಲಕ್ಷಕ್ಕೆ ಏರುತ್ತದೆ. ತಿಂಗಳ ಕಂತು ಸುಮಾರು 11,100. ಕೈಗೆ ಬರುವ ಸಂಬಳ 20,000 ಎಂದುಕೊಂಡರೆ ಉಳಿಯುವುದು 8,900. ಬೆಂಗಳೂರಿನಲ್ಲಿ ಅಷ್ಟರಲ್ಲಿ ಬದುಕುವುದು ಕಷ್ಟ.

ಅದೇ ಬಡ್ಡಿಯನ್ನು ಆಗಾಗಲೇ ಕಟ್ಟುತ್ತ ಬಂದರೆ? ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಮೂರನೇ ವರ್ಷ 3,750, ಆಮೇಲೆ 5,000. ಸಾಲ 6 ಲಕ್ಷದಲ್ಲೇ ನಿಲ್ಲುತ್ತದೆ, ಕಂತು ಸುಮಾರು 7,930 ಆಗುತ್ತದೆ. ತಿಂಗಳಿಗೆ 3,170ರಷ್ಟು ಕಡಿಮೆ. ಹತ್ತು ವರ್ಷಕ್ಕೆ ಉಳಿಯುವುದು ಸುಮಾರು 3.8 ಲಕ್ಷ. ಅದಕ್ಕಾಗಿ ಕಟ್ಟಿದ್ದು 2.4 ಲಕ್ಷ.

ಪಿಂಚಣಿ ಬರುವ ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ ಬಂಗಾರದ ಓಲೆ ಮಾಡಿಸುವ ಬದಲು ಈ ಬಡ್ಡಿಯನ್ನು ಆದಷ್ಟು ನೀವು ಕಟ್ಟಿ. ಕುಟುಂಬದ ವರ್ಷದ ಆದಾಯ 4.5 ಲಕ್ಷದೊಳಗಿದ್ದರೆ, ಅರ್ಹರಾದವರ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ಸಾಲದ ಅರ್ಜಿ ಕೊಡುವ ದಿನವೇ ಬ್ಯಾಂಕಿನಲ್ಲಿ ಕೇಳಿ.

ಹಾಗಾದರೆ ಓದಿಸಬೇಕೋ ಬೇಡವೋ? ಬೇಗ ಹಣ ಮಾಡಬೇಕು ಎನ್ನುವವರಿಗೆ ಇದು ದಾರಿಯಲ್ಲ. ಆದರೆ ಮನೆಮನೆಯಲ್ಲೂ ವಯಸ್ಸಾದವರು ಹೆಚ್ಚುತ್ತಿದ್ದಾರೆ, ಮಕ್ಕಳ ತೊಂದರೆಗಳನ್ನು ಬಚ್ಚಿಡದೆ ತೋರಿಸುವ ತಾಯಂದಿರೂ ಹೆಚ್ಚುತ್ತಿದ್ದಾರೆ. ಕೆಲಸಕ್ಕೆ ಬರವಿಲ್ಲ. ಸಾಲ ಹಗುರವಾಗಿದ್ದರೆ ಮೊದಲ ಐದು ವರ್ಷ ದಾಟಬಹುದು. ಭಾರವಾಗಿದ್ದರೆ ಒಳ್ಳೆಯ ಥೆರಪಿಸ್ಟ್ ಕೂಡ ಕಂತಿಗಾಗಿ ಬೇರೆ ಕೆಲಸ ಹಿಡಿಯಬೇಕಾಗುತ್ತದೆ.

ಕಾಲೇಜು ನೋಡಲು ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಕೋರ್ಸಿಗೆ ಮಾನ್ಯತೆ ಇದೆಯೇ, ವಿಶ್ವ ಒಕ್ಕೂಟದ ಒಪ್ಪಿಗೆಯೂ ಇದೆಯೇ? ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ಕಲಿಯುವ ಅವಕಾಶ ಎಷ್ಟು? ಇಂಟರ್ನ್‌ಶಿಪ್ಪಿನಲ್ಲಿ ಸ್ಟೈಪೆಂಡ್ ಕೊಡುತ್ತಾರೆಯೇ? ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ, ಎಷ್ಟು ಪಡೆಯುತ್ತಿದ್ದಾರೆ? ಕೊನೆಯ ಪ್ರಶ್ನೆಯನ್ನು ಆಫೀಸಿನವರ ಬದಲು ಆ ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ.

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಕಂತಿನ ಲೆಕ್ಕ ಬರೆಯಿರಿ. ಮನೆಯವರೆಲ್ಲ ಕೂತು ನೋಡಿ, ಅನುಮಾನಗಳನ್ನು ಬಾಯಿಬಿಟ್ಟು ಹೇಳಿ. ನಿರ್ಧಾರ ಮಾತ್ರ ಓದುವ ಹುಡುಗಿಯದೇ ಆಗಿರಲಿ.