ನೋತ್ರದಾಮ್ ಎದ್ದು ನಿಂತಿತು, ನಮ್ಮ ಹಳೇ ಚರ್ಚುಗಳ ಗತಿ ಏನು?

2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರದಾಮ್ ಹೊತ್ತಿ ಉರಿಯಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಸುಟ್ಟ ಚಾವಣಿಯನ್ನು ಕಾಂಕ್ರೀಟಿನಲ್ಲಿ ಮುಗಿಸಿ ಕೈತೊಳೆದುಕೊಳ್ಳಲಿಲ್ಲ. ಸಾವಿರಕ್ಕೂ ಹೆಚ್ಚು ಓಕ್ ಮರ ತಂದು, ಹಳೇ ಕಸುಬು ಬಲ್ಲ ಬಡಗಿಗಳಿಂದ ಮೊದಲಿದ್ದ ಹಾಗೇ ಕಟ್ಟಿಸಿದರು.

ಇನ್ನೊಂದು ಸಂಗತಿ ಇದೆ. ಆ ಕಟ್ಟಡದ ಮಾಲೀಕ ಚರ್ಚ್ ಅಲ್ಲ, ಫ್ರಾನ್ಸ್ ಸರ್ಕಾರ. 1905ರಲ್ಲೇ ಧರ್ಮ ಮತ್ತು ಸರ್ಕಾರವನ್ನು ಕಾನೂನಿನಿಂದ ಬೇರೆ ಮಾಡಿದ ದೇಶ ಅದು. ಅಲ್ಲಿ ಪ್ರಾರ್ಥನೆ ಭಕ್ತರದ್ದು, ಕಲ್ಲು ಎಲ್ಲರದ್ದು.

ಈಗ ನಮ್ಮ ಕಡೆ ಬರೋಣ. ನೀರಮಾನ್ವಿ ಅಂದ್ರೆ ಯಲ್ಲಮ್ಮನ ಜಾತ್ರೆ, ಮುದಗಲ್ ಅಂದ್ರೆ ಕೋಟೆ ಮತ್ತು ಮೊಹರಂ. ಆದರೆ ನಮ್ಮದೇ ಜಿಲ್ಲೆಯ ಆ ಮುದಗಲ್‌ನಲ್ಲಿ ಜೆಸ್ಯೂಟರ ಹಳೆಯ ಚರ್ಚ್ ಕೂಡ ಇದೆ. ಅದು 1557ಕ್ಕೂ ಮೊದಲಿನದು ಅಂತ ಹೇಳುತ್ತಾರೆ. ಅಂದರೆ ತಾಳಿಕೋಟೆ ಯುದ್ಧಕ್ಕೂ ಹಿಂದೆ, ವಿಜಯನಗರ ಮತ್ತು ವಿಜಯಪುರ ಈ ನೆಲಕ್ಕಾಗಿ ಬಡಿದಾಡುತ್ತಿದ್ದ ಕಾಲ. ಹಾಸನದ ಶೆಟ್ಟಿಹಳ್ಳಿ ಚರ್ಚಿನದು ಇನ್ನೊಂದು ಕತೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಗೋಥಿಕ್ ಶೈಲಿಯಲ್ಲಿ ಕಟ್ಟಿದ ಅದು ಹೇಮಾವತಿ ಜಲಾಶಯದ ಪಾಲಾಯಿತು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ನಮಗದು ಸೆಲ್ಫಿ ತಾಣ, ಅಷ್ಟೇ.

‘ಒಂದು ಧರ್ಮದವರ ಕಟ್ಟಡಕ್ಕೆ ನಮ್ಮ ತೆರಿಗೆ ದುಡ್ಡು ಯಾಕೆ?’ ಅಂತ ಕೇಳುವವರಿದ್ದಾರೆ. ಉತ್ತರ ಕಾನೂನಿನಲ್ಲೇ ಇದೆ. 1958ರ ಕೇಂದ್ರ ಸ್ಮಾರಕ ಕಾಯ್ದೆ ನೋಡುವುದು ಕಟ್ಟಡದ ಮಹತ್ವ ಮತ್ತು ನೂರು ವರ್ಷದ ವಯಸ್ಸನ್ನು, ಜಾತಿ-ಧರ್ಮವನ್ನಲ್ಲ. ಹಂಪಿ ಮತ್ತು ಹಳೇ ಗೋವಾದ ಚರ್ಚುಗಳು ವಿಶ್ವ ಪರಂಪರೆ ಪಟ್ಟಿ ಸೇರಿದ್ದು ಒಂದೇ ವರ್ಷ, 1986ರಲ್ಲಿ. ಗೋವಾದ ಬಾಮ್ ಜೀಸಸ್ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಪೂಜೆಯೂ ನಡೆಯುತ್ತದೆ.

ಹಾಗಂತ ಬೋರ್ಡು ನೆಟ್ಟರೆ ಎಲ್ಲ ಸರಿಹೋಗಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅಕ್ಕಪಕ್ಕದ ಬಡವರಿಗೆ ಅದು ಶಿಕ್ಷೆಯಾಗುತ್ತದೆ. ಇತ್ತ, ಯಾರೂ ಕೇಳದಿದ್ದರೆ ಭಕ್ತರೇ ಹಳೇದನ್ನು ಕೆಡವಿ ಆರ್‌ಸಿಸಿ ಹಾಕಿಸುತ್ತಾರೆ, ಇಲ್ಲವೇ ಸುಣ್ಣದ ಗೋಡೆಗೆ ಸಿಮೆಂಟ್ ಬಳಿಸುತ್ತಾರೆ. ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟು ಗೋಡೆಯನ್ನು ಕೊರೆಯುತ್ತದೆ. ಚರ್ಚು, ದರ್ಗಾ, ಬಸದಿ, ಗುಡಿ ಎಲ್ಲದರ ಪಾಡೂ ಇದೇ.

ಮೊದಲ ಹೆಜ್ಜೆ ದೊಡ್ಡದೇನಲ್ಲ. ತಾಲ್ಲೂಕುವಾರು ಪಟ್ಟಿ, ಅಳತೆಯ ನಕ್ಷೆ, ಫೋಟೊ, ಸುಣ್ಣದ ಗಾರೆ ಬಲ್ಲ ಕೆಲಸಗಾರರು. ನೋತ್ರದಾಮ್ ಮತ್ತೆ ಹಾಗೇ ಏಳಲು ಹಣವೊಂದೇ ಕಾರಣವಲ್ಲ. ಬೀಳುವ ಮೊದಲೇ ಅದನ್ನು ಇಂಚಿಂಚೂ ಅಳೆದು ಸ್ಕ್ಯಾನ್ ಮಾಡಿಟ್ಟಿದ್ದರು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ್ದು ಇಷ್ಟೇ: ನಮ್ಮೂರಿನ ಹಳೇ ಕಟ್ಟಡಗಳ ಪಟ್ಟಿ ಎಲ್ಲಿದೆ?