ಯಂತ್ರ ನಮ್ಮದು, ಆಯಸ್ಸು ಅವರ ಕೈಯಲ್ಲಿ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೊಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅಂದು ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಮರುದಿನವೂ ಅವು ಎಂದಿನಂತೆ ಪತ್ರ ಮುದ್ರಿಸಿದವು, ಲೆಕ್ಕ ಕೂಡಿಸಿದವು. ಆದರೆ ಅಂದಿನಿಂದ ಅವುಗಳಲ್ಲಿ ಕಂಡುಬರುವ ಸುರಕ್ಷತಾ ಲೋಪಗಳಿಗೆ ಉಚಿತ ತೇಪೆ ಹಾಕುವ ಹೊಣೆ ತಯಾರಕರ ಮೇಲೆ ಉಳಿಯಲಿಲ್ಲ. ವಿಂಡೋಸ್ 11ಕ್ಕೆ ಬದಲಾಯಿಸೋಣವೆಂದರೆ, ಅದಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದು ಅಥವಾ ಅದರ ನಂತರದ್ದೇ ಆಗಿರಬೇಕು. 2016ರಲ್ಲಿ ಕೊಂಡ ಯಂತ್ರವೊಂದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅಧಿಕೃತವಾಗಿ ಈ ಹೊಸಿಲು ದಾಟಲಾರದು.

ಸರ್ಕಾರಿ ಕಚೇರಿಗಳಲ್ಲಿ ಮೇಜು, ಕುರ್ಚಿ, ಜೀಪು ಇವೆಲ್ಲ ದಾಸ್ತಾನು ವಹಿಯಲ್ಲಿ ದಾಖಲಾಗುತ್ತವೆ. ಅವು ನಿರುಪಯುಕ್ತವಾದಾಗ ಸಮಿತಿಯೊಂದು ಪರಿಶೀಲಿಸಿ, ಟಿಪ್ಪಣಿ ಬರೆದು, ವಿಲೇವಾರಿಗೆ ಶಿಫಾರಸು ಮಾಡುತ್ತದೆ. ಸವಕಳಿಯ ಲೆಕ್ಕ ನಮ್ಮದು, ತೀರ್ಮಾನವೂ ನಮ್ಮದು. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಆ ಸಮಿತಿ ಅಮೆರಿಕದ ರೆಡ್ಮಂಡ್‌ನಲ್ಲಿ ಸಭೆ ಸೇರುತ್ತದೆ. ನಡಾವಳಿಯ ಪ್ರತಿ ನಮಗೆ ಬರುತ್ತದೆ, ಅಷ್ಟೆ. ಹಳೆಯ ವ್ಯವಸ್ಥೆಯಲ್ಲೇ ಉಳಿಯುವ ಸಂಸ್ಥೆಗಳಿಗೆ ವಿಸ್ತರಿತ ಬೆಂಬಲ ಉಂಟು. ಘೋಷಿತ ದರ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಅಲ್ಲಿಂದ ಪ್ರತಿವರ್ಷ ಇಮ್ಮಡಿ, ಗರಿಷ್ಠ ಮೂರು ವರ್ಷ. ಕೂಡಿದರೆ 427 ಡಾಲರ್. ಒಂಬತ್ತು ವರ್ಷದ ಹಳೆಯ ಕಂಪ್ಯೂಟರಿಗೆ ಗುಜರಿ ಪೇಟೆಯಲ್ಲಿ ಅದರ ಕಾಲುಭಾಗವೂ ಹುಟ್ಟಲಿಕ್ಕಿಲ್ಲ.

ವಿಂಡೋಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಅದರ ಗುಣಮಟ್ಟವಲ್ಲ, ಅದರಿಂದ ಹೊರಬರಲು ತಗಲುವ ವೆಚ್ಚ. ನೆರೆಯವರು ಬಳಸುತ್ತಾರೆಂಬ ಕಾರಣಕ್ಕೇ ನಮಗೂ ಅನುಕೂಲವಾಗುವ ಸರಕು ಇದು. ಬೆರಳಚ್ಚುಗಾರರು ಕಲಿತದ್ದು ಅದನ್ನೇ, ಲೆಕ್ಕಪತ್ರದ ತಂತ್ರಾಂಶ ಓಡುವುದು ಅದರಲ್ಲೇ, ಮುದ್ರಣಯಂತ್ರ ಪರಿಚಯ ಹಿಡಿಯುವುದೂ ಅದನ್ನೇ. ಹೀಗಾಗಿ ಬೆಲೆ ಏರಿದರೂ ಗಿರಾಕಿ ಕದಲುವುದಿಲ್ಲ. 2000ದ ಜೂನ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದು ಮೈಕ್ರೊಸಾಫ್ಟನ್ನು ಎರಡು ಹೋಳು ಮಾಡಲು ಆದೇಶಿಸಿತ್ತು. ಮರುವರ್ಷ ಮೇಲ್ಮನವಿ ನ್ಯಾಯಾಲಯವು ವಿಭಜನೆಯನ್ನು ರದ್ದುಪಡಿಸಿತಾದರೂ, ಸಂಸ್ಥೆಯು ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡಿದೆ ಎಂಬ ಮೂಲ ನಿರ್ಣಯವನ್ನು ಎತ್ತಿಹಿಡಿಯಿತು.

ಪರ್ಯಾಯವೇ ಇಲ್ಲವೆಂಬ ಮಾತು ನಿಜವಲ್ಲ. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಆಂಡ್ರಾಯ್ಡ್ ಫೋನುಗಳ ಒಡಲಲ್ಲಿದೆ. ಜಗತ್ತಿನ ಅತಿವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯನ್ನು 2017ರಲ್ಲಿಯೇ ಪೂರ್ತಿಯಾಗಿ ಆಕ್ರಮಿಸಿಕೊಂಡಿತು. ಲಿನಕ್ಸ್ ನಮ್ಮಂಥವರಿಗಲ್ಲ ಎನ್ನುವ ಎಷ್ಟೋ ಮಿತ್ರರ ಜೇಬಿನಲ್ಲೇ ಅದು ಕುಳಿತಿರುತ್ತದೆ. ನೆರೆಯ ಕೇರಳವು ತನ್ನ ಶಾಲೆಗಳಲ್ಲಿ ವರ್ಷಗಳಿಂದ ಮುಕ್ತ ತಂತ್ರಾಂಶವನ್ನೇ ಕಲಿಸುತ್ತಿದೆ. 2019ರಲ್ಲಿ ಅಲ್ಲಿನ ಅಧಿಕಾರಿಗಳು ಎರಡು ಲಕ್ಷ ಶಾಲಾ ಕಂಪ್ಯೂಟರ್‌ಗಳಿಂದ ಸುಮಾರು 3,000 ಕೋಟಿ ರೂಪಾಯಿ ಉಳಿತಾಯವೆಂದು ಲೆಕ್ಕ ಕೊಟ್ಟಿದ್ದರು. ಭಾಗಿಸಿ ನೋಡಿದರೆ ಯಂತ್ರವೊಂದಕ್ಕೆ ಒಂದೂವರೆ ಲಕ್ಷ ರೂಪಾಯಿ! ಇಂಥ ಅಂಕಿಗಳನ್ನು ಸ್ವಲ್ಪ ಉಪ್ಪು ತೆಗೆದೇ ರುಚಿ ನೋಡಬೇಕು. ಆದರೆ ಮಕ್ಕಳು ಒಂದೇ ಸಂಸ್ಥೆಯ ಗುಂಡಿಗಳಿಗೆ ಬೆರಳು ಒಗ್ಗಿಸಿಕೊಳ್ಳದೆ ಬೆಳೆದರೆಂಬುದು ನಿಜವಾದ ಲಾಭ. ಅದಕ್ಕೆ ಬೆಲೆ ಕಟ್ಟುವುದು ಕಷ್ಟ.

ವೈಫಲ್ಯದ ಉದಾಹರಣೆಯನ್ನೂ ಮುಚ್ಚಿಡಬಾರದು. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೊರಳಲು ನಿರ್ಧರಿಸಿ, ಹತ್ತು ವರ್ಷ ದುಡಿದು, ಸುಮಾರು 15,000 ಯಂತ್ರಗಳನ್ನು ಬದಲಾಯಿಸಿತು. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಮರಳಲು ಮತ ಹಾಕಿತು. ಹೊರಗಿನವರೊಂದಿಗೆ ಕಡತ ವಿನಿಮಯದ ತೊಡಕು, ಸಿಬ್ಬಂದಿಯ ಅಸಮಾಧಾನ, ರಾಜಕೀಯ ನಾಯಕತ್ವದ ಬದಲಾವಣೆ ಎಲ್ಲವೂ ಅದರಲ್ಲಿ ಸೇರಿದ್ದವು. ಒಂದು ಊರು ಒಂಟಿಯಾಗಿ ದಾರಿ ಬದಲಿಸುವುದು ದುಬಾರಿ. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವು 2024ರಲ್ಲಿ ಇಂಥದೇ ನಿರ್ಧಾರ ಕೈಗೊಂಡಾಗ, ಮೊದಲು ಕಚೇರಿ ತಂತ್ರಾಂಶ ಮತ್ತು ಕಡತದ ಸ್ವರೂಪ, ಕಾರ್ಯಾಚರಣಾ ವ್ಯವಸ್ಥೆ ಅನಂತರ ಎಂಬ ಕ್ರಮ ಹಿಡಿಯಿತು. ಇದು ವಿವೇಕದ ಕ್ರಮವೆಂದು ನನಗನ್ನಿಸುತ್ತದೆ.

ಕಡತದ ಸ್ವರೂಪ ಎಷ್ಟು ಮುಖ್ಯವೆಂದು ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ಕಚೇರಿಗಳು, ಪ್ರಕಾಶಕರು, ಪತ್ರಿಕೆಗಳು ಬಳಸುತ್ತಿದ್ದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಆ ಕಾಲಕ್ಕೆ ಅದು ಜಾಣ ಉಪಾಯವೇ. ಇಲ್ಲದಿದ್ದರೆ ಕನ್ನಡದಲ್ಲಿ ಆಡಳಿತವೇ ನಡೆಯುತ್ತಿರಲಿಲ್ಲ. ಆದರೆ ಅಂದು ನುಡಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ, ‘ಕನ್ನಡ’ ಎಂಬ ಪದವೇ ‘ಪಿ’ ಅಕ್ಷರ, ನೆತ್ತಿಯ ಮೇಲೆ ಗೀಟುಳ್ಳ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ ಎಂದು ಮುಂತಾಗಿ ಕಾಣುತ್ತದೆ. ಹುಡುಕಿದರೆ ಸಿಗದು, ವಿಂಗಡಿಸಿದರೆ ಅಕಾರಾದಿಯಾಗದು. ಪರಿವರ್ತಕ ತಂತ್ರಾಂಶಗಳಿವೆ, ನಿಜ. ಆದರೆ ಪರಿವರ್ತಿಸುವವರು ಯಾರು? ಯಾವ ಕೊಠಡಿಯ ಯಾವ ಸಿ.ಡಿ.ಯಲ್ಲಿ ಏನಿದೆಯೆಂದು ಬಲ್ಲ ಗುಮಾಸ್ತರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ.

ಮುಂದಿನ ದಿನಗಳ ದಿಕ್ಕಂತೂ ಇನ್ನಷ್ಟು ಅವಲಂಬನೆಯದು. ತಂತ್ರಾಂಶವನ್ನು ಕೊಳ್ಳುವ ಬದಲು ತಿಂಗಳ ಬಾಡಿಗೆಗೆ ಪಡೆಯುತ್ತಿದ್ದೇವೆ. ಕಡತಗಳು ದೂರದ ದತ್ತಾಂಶ ಕೇಂದ್ರಗಳಲ್ಲಿವೆ. ಈಗ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಆಲೋಚನೆಯ ಒಂದಿಷ್ಟು ಪಾಲೂ ಅಲ್ಲಿಗೇ ಸಾಗುತ್ತಿದೆ. ಮೇಜಿನ ಮೇಲೆ ಉಳಿಯುವುದು ಒಂದು ಕಿಟಕಿ ಮಾತ್ರ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಬೆನ್ನಲ್ಲೇ, ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಗೆ ಮೈಕ್ರೊಸಾಫ್ಟ್ ಸೇವೆಗಳು ಸ್ಥಗಿತಗೊಂಡವು. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಅವು ಮರಳಿದವು. ಶುಲ್ಕ ಪಾವತಿಸಿದ್ದ ಭಾರತೀಯ ಕಂಪನಿ ಅದು. ಆ ನಿರ್ಬಂಧ ಭಾರತದ್ದೂ ಅಲ್ಲ, ವಿಶ್ವಸಂಸ್ಥೆಯದೂ ಅಲ್ಲ. ದೊಡ್ಡ ಕಂಪನಿಗೆ ವಕೀಲರಿದ್ದರು. ಜಿಲ್ಲಾ ಆಸ್ಪತ್ರೆಗೋ ಸಹಕಾರ ಸಂಘಕ್ಕೋ ಹೀಗಾದರೆ?

ಸರ್ಕಾರದ ಬಳಿ ಅಸ್ತ್ರಗಳಿಲ್ಲವೆಂದಲ್ಲ. ಟೆಂಡರ್‌ಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕು, ಕೈಬಿಟ್ಟರೆ ಕಾರಣ ತಿಳಿಸಬೇಕು ಎಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ರೂಪಿಸಿದೆ. ಸಿ-ಡ್ಯಾಕ್ ಸಂಸ್ಥೆಯ ‘ಬಾಸ್’ ಲಿನಕ್ಸ್‌ನಲ್ಲಿ ಕನ್ನಡವೂ ಇದೆ. ಕೊರತೆಯಿರುವುದು ಟೆಂಡರ್ ಬರೆಯುವ ಮೇಜಿನಲ್ಲಿ. ಕನಿಷ್ಠ ದರ ಹೋಲಿಸುವಾಗ ನಾವು ಕೊಳ್ಳುವ ದಿನದ ಬೆಲೆಯನ್ನು ಮಾತ್ರ ನೋಡುತ್ತೇವೆ. ಐದಾರು ವರ್ಷಗಳ ನಂತರ ಬಿಟ್ಟು ಹೊರಡುವ ದಿನದ ಬೆಲೆಗೆ ನಮೂನೆಯಲ್ಲಿ ಅಂಕಣವೇ ಇರುವುದಿಲ್ಲ. ದತ್ತಾಂಶವನ್ನು ಮುಕ್ತ ಸ್ವರೂಪದಲ್ಲಿ, ಕನ್ನಡವನ್ನು ಯೂನಿಕೋಡ್‌ನಲ್ಲಿ, ಹೆಚ್ಚುವರಿ ಶುಲ್ಕವಿಲ್ಲದೆ ಹಿಂತಿರುಗಿಸಬೇಕೆಂಬ ಷರತ್ತು ಒಂದು ಪುಟಕ್ಕಿಂತ ಹೆಚ್ಚು ಜಾಗ ಹಿಡಿಯದು.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸವನ್ನಾದರೂ ಮಾಡಬಹುದು. ವಿಂಡೋಸ್ 11 ಒಪ್ಪದ ಕಂಪ್ಯೂಟರ್‌ಗಳು ಕಚೇರಿಗಳಿಂದ ಹರಾಜಿಗೆ ಹೋಗುವ ಮುನ್ನ, ಇಂಟರ್‌ನೆಟ್ ನೋಡಲು, ಪತ್ರ ಬರೆಯಲು ಯೋಗ್ಯವಾದವನ್ನು ಬೇರ್ಪಡಿಸಿ, ಲಿನಕ್ಸ್ ಅಳವಡಿಸಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಕೊಡಬೇಕು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ; ವಿಲೇವಾರಿ ನಿಯಮಗಳಿಗೊಂದು ಸುತ್ತೋಲೆ, ತಾಲ್ಲೂಕಿಗೊಬ್ಬ ತಂತ್ರಜ್ಞ, ಮತ್ತು ಹರಾಜಿನ ಪ್ರಕಟಣೆಯನ್ನು ಮೂರು ತಿಂಗಳು ತಡೆಹಿಡಿಯುವ ಅಧಿಕಾರಿಯೊಬ್ಬರ ಸಹಿ ಸಾಕು.